ಪುದುಚೇರಿಯ ಬೀದಿಗಳಲ್ಲಿ ಅಪ್ಪನೊಂದಿಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಕೆಲಸದಲ್ಲಿರುವವನು ಎಂದು ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದರು. ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ವಿಷಯ ಬದಲಿಸಿದ್ದೇನೆ. ಈ ಶಾಮಿಯಾನದ ಹಿಂದೆ ನಾಲ್ಕು ಹೆಂಚಿನ ಕೋಣೆಗಳಿವೆ. ನಮ್ಮ ಶಾಲೆ ಶುರುವಾದದ್ದು ಆ ಕೋಣೆಗಳಲ್ಲಿ. ಅವನ್ನು ಕೆಡವಿ ಅಲ್ಲಿ ಹೊಸ ಕಟ್ಟಡ ಕಟ್ಟುವ ಮಾತು ನಡೆದಿದೆ. ಆ ಬಗ್ಗೆ ನನಗೆ ಒಂದು ವಿನಂತಿ ಇದೆ. ಆದರೆ ಅದನ್ನು ನೇರವಾಗಿ ಹೇಳುವ ಮೊದಲು, ನಿಮ್ಮನ್ನು ಒಂದು ಊರಿನಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಬರುತ್ತೇನೆ. ಆ ಊರು ಪುದುಚೇರಿ. ನಾವು ಪಾಂಡಿಚೇರಿ ಎಂದು ಓದಿದ ಊರು. 2006ರಲ್ಲಿ ಅದರ ಹೆಸರು ಅಧಿಕೃತವಾಗಿ ಪುದುಚೇರಿ ಆಯಿತು.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಆಫೀಸಿನ ಗೆಳೆಯರ ಜೊತೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ ಮೇಲೆ ಹೋದೆವು. ಕಡಲ ದಂಡೆ, ಹಳದಿ ಬಣ್ಣದ ಗೋಡೆ, ಗೋಡೆಯ ಮೇಲಿಂದ ಬಾಗಿದ ಕಾಗದದ ಹೂವು. ಎಲ್ಲರೂ ಗೋಡೆಗೆ ಒರಗಿ ನಿಂತು ಫೋಟೊ ತೆಗೆಸಿಕೊಂಡು ಬಂದೆವು. ಊರಿಗೆ ಬಂದಾಗ ಆ ಫೋಟೊಗಳನ್ನು ಅಪ್ಪನಿಗೆ ತೋರಿಸಿದೆ. ಅವರು ಒಂದೊಂದಾಗಿ ನೋಡಿ, "ಎಲ್ಲಾದ್ರಲ್ಲೂ ನೀನೇ ಇದೀಯ. ಈ ಮನೆಗಳಲ್ಲಿ ಯಾರಿದ್ರು? ಈ ಗೋಡೆ ಕಟ್ಟಿದವರು ಯಾರು?" ಎಂದು ಕೇಳಿದರು. ನನಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ.

ನಮ್ಮಪ್ಪ ಗಾರೆ ಕೆಲಸದವರು ಎಂಬುದು ಊರಿಗೆಲ್ಲ ಗೊತ್ತು. ಗೋಡೆ ಕಂಡರೆ ಅವರು ಸುಮ್ಮನೆ ನೋಡುವುದಿಲ್ಲ, ಕೈಯಿಟ್ಟು ತಟ್ಟಿ ನೋಡುತ್ತಾರೆ. ಹಾಗಾಗಿ ಎರಡನೇ ಸಲ ಅವರನ್ನೇ ಕರೆದುಕೊಂಡು ಹೋದೆ. ಈ ಸಲ ಹೋಗುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆ.

ಬೆಳಗ್ಗೆ ಆರು ಗಂಟೆಗೆ ಕಡಲ ಬದಿಯ ರಸ್ತೆಯಲ್ಲಿ ನಡಿಗೆ ಶುರು ಮಾಡಿದೆವು. ಸಂಜೆಯಿಂದ ಬೆಳಗಿನವರೆಗೆ ಆ ರಸ್ತೆಗೆ ವಾಹನ ಬಿಡುವುದಿಲ್ಲ. ಜನ ನೆಮ್ಮದಿಯಾಗಿ ನಡೆಯುತ್ತಾರೆ. ಕೆಂಪು ಟೊಪ್ಪಿಗೆಯ ಪೊಲೀಸರು ನಿಂತಿರುತ್ತಾರೆ. ಆ ಟೊಪ್ಪಿಗೆ ಫ್ರೆಂಚರ ಕಾಲದಿಂದ ಬಂದದ್ದು. ಕೆತ್ತನೆಯ ಕಲ್ಲುಕಂಬಗಳ ನಡುವೆ ಗಾಂಧೀಜಿಯ ಎತ್ತರದ ಪ್ರತಿಮೆ ಇದೆ. ಎದುರಿಗೆ 1836ರಲ್ಲಿ ಬೆಳಗಿದ ಹಳೆಯ ದೀಪಸ್ತಂಭ. ಹತ್ತಿರದಲ್ಲೇ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ ಮಡಿದ ಫ್ರೆಂಚ್ ಭಾರತದವರ ಸ್ಮಾರಕ. ಸೈನಿಕರು ಮಾತ್ರವಲ್ಲ, 19ನೇ ಶತಮಾನದಲ್ಲಿ ಕರಾರು ಕೂಲಿಗಳಾಗಿ ಸಾವಿರಾರು ತಮಿಳರು ಪುದುಚೇರಿ, ಕಾರೈಕಾಲ್‌ಗಳಿಂದ ಹಡಗು ಹತ್ತಿ ರಿಯೂನಿಯನ್ ದ್ವೀಪಕ್ಕೆ, ಇನ್ನೂ ದೂರದ ಕೆರಿಬಿಯನ್ ದ್ವೀಪಗಳಿಗೆ ಕಬ್ಬಿನ ತೋಟದ ಕೆಲಸಕ್ಕೆ ಹೋದರು. ಅಪ್ಪ ಕಡಲನ್ನೇ ನೋಡುತ್ತ, "ಈ ನೀರು ದಾಟಿ ಕೂಲಿಗೆ ಹೋದ್ರಾ?" ಎಂದು ಎರಡು ಸಲ ಕೇಳಿದರು.

ಅಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಬೀಚಿಗೆ ಹೆಸರಾದ ಊರಿನಲ್ಲಿ ರಸ್ತೆಯುದ್ದಕ್ಕೂ ಮರಳಿಗಿಂತ ಕರಿಬಂಡೆಗಳೇ ಹೆಚ್ಚು. 1980ರ ದಶಕದಲ್ಲಿ ಊರಿನ ದಕ್ಷಿಣಕ್ಕೆ ಬಂದರು ಕಟ್ಟಿ, ಕಡಲಿಗೆ ತಡೆಗೋಡೆ ಚಾಚಿದರು. ಪೂರ್ವ ಕರಾವಳಿಯಲ್ಲಿ ವರ್ಷದ ಹೆಚ್ಚು ಭಾಗ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ತಡೆಗೋಡೆ ಆ ಮರಳನ್ನು ಹಿಡಿದು ನಿಲ್ಲಿಸಿತು. ಉತ್ತರದ ದಂಡೆಗೆ ಬರಬೇಕಾದದ್ದು ಬರಲಿಲ್ಲ, ಇದ್ದದ್ದು ಕೊಚ್ಚಿಹೋಯಿತು. ರಸ್ತೆ ಉಳಿಸಲು ಬಂಡೆ ಸುರಿದರು. 2018ರ ಸುಮಾರಿಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನೊಳಗೆ ಒಂದು ಕೃತಕ ದಿಬ್ಬ ಕೂರಿಸಿದ ಮೇಲೆ ಒಂದಿಷ್ಟು ಉದ್ದಕ್ಕೆ ಮರಳು ಮತ್ತೆ ನಿಂತಿದೆ. ನೂರಾರು ವರ್ಷ ಇದ್ದ ದಂಡೆ ಕೆಲವೇ ವರ್ಷಗಳಲ್ಲಿ ಹೋಯಿತು. ತಿರುಗಿ ತರಲು ಮೂವತ್ತು ವರ್ಷ ಬೇಕಾಯಿತು, ಅದೂ ಸ್ವಲ್ಪ ಭಾಗ ಮಾತ್ರ.

ಕಡಲಿಗೆ ಬೆನ್ನು ಮಾಡಿ ಒಳಬೀದಿಗೆ ತಿರುಗಿದರೆ ವೈಟ್ ಟೌನ್. ಬೀದಿಗಳೆಲ್ಲ ದಾರ ಹಿಡಿದು ಎಳೆದ ಹಾಗೆ ನೇರ. ಒಂದಕ್ಕೊಂದು ಚೌಕಳಿಯಾಗಿ ಕೂಡುತ್ತವೆ. ಫ್ರೆಂಚರು ಇಲ್ಲಿ ನೆಲೆಯೂರಿದ್ದು 1674ರಲ್ಲಿ, ಫ್ರಾಂಸ್ವಾ ಮಾರ್ತ್ಯಾಂ ಎಂಬಾತನ ಮುಂದಾಳತ್ವದಲ್ಲಿ. 1693ರಲ್ಲಿ ಡಚ್ಚರು ಊರನ್ನು ಕಿತ್ತುಕೊಂಡು ಕೆಲವು ವರ್ಷ ಇಟ್ಟುಕೊಂಡರು. ಆ ಚೌಕಳಿ ಬೀದಿಯ ನಕ್ಷೆ ಡಚ್ಚರದು. ಫ್ರೆಂಚ್ ಊರು ಎಂದು ನಾವು ಹೇಳುವುದರ ಬೀದಿಗಳು ಫ್ರೆಂಚರವಲ್ಲ! ಹತ್ತನೇ ತರಗತಿಯಲ್ಲಿ ಕರ್ನಾಟಿಕ್ ಯುದ್ಧಗಳು ಎಂದು ಓದುತ್ತೀರಲ್ಲ, ಅದರ ಕೊನೆಯ ಪೆಟ್ಟು ಬಿದ್ದದ್ದೂ ಇಲ್ಲೇ. 1760ರಲ್ಲಿ ವಾಂಡಿವಾಷ್‌ನಲ್ಲಿ ಫ್ರೆಂಚರು ಸೋತರು. 1761ರ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರಿಗೆ ಶರಣಾಯಿತು. ಇಂಗ್ಲಿಷರು ಕೋಟೆಯನ್ನೂ ಬಿಳಿಯರ ಊರನ್ನೂ ನೆಲಸಮ ಮಾಡಿದರು. ಒಪ್ಪಂದದ ಪ್ರಕಾರ ಫ್ರೆಂಚರಿಗೆ ಊರು ಮರಳಿ ಸಿಕ್ಕಿ, ಮತ್ತೆ ಕಟ್ಟಲು ಶುರುವಾದದ್ದು 1765ರಲ್ಲಿ. ನಾವು ಫೋಟೊ ತೆಗೆಸಿಕೊಳ್ಳುವ ಹಳದಿ ಮನೆಗಳು ಆಮೇಲಿನವು.

ಬೀದಿಗಳ ಮೂಲೆಯಲ್ಲಿ ನೀಲಿ ಫಲಕಗಳಿವೆ, ಫ್ರೆಂಚಿನಲ್ಲೂ ತಮಿಳಿನಲ್ಲೂ. ಒಂದರ ಮೇಲೆ ಸಫ್ರಾನ್ ಎಂದಿತ್ತು. ಆತ ಫ್ರೆಂಚ್ ನೌಕಾಪಡೆಯ ದಂಡನಾಯಕ. 1782ರಲ್ಲಿ ಕಡಲೂರಿನ ಹತ್ತಿರ ನಮ್ಮ ಮೈಸೂರಿನ ಹೈದರಾಲಿಯನ್ನು ಭೇಟಿಯಾದವನು. ಇಂಗ್ಲಿಷರ ವಿರುದ್ಧ ಇಬ್ಬರೂ ಒಂದು ಕಡೆ. ಬೂಸಿ ಎಂಬ ಸೇನಾಪತಿಯ ಹೆಸರಿದ್ದ ಬೀದಿಗೆ ಈಗ ಲಾಲ್ ಬಹದ್ದೂರ್ ಶಾಸ್ತ್ರಿ ಬೀದಿ ಎಂದು ಹೆಸರು. ಊರಿನ ಯಜಮಾನಿಕೆ ಬದಲಾದಾಗ ಬೀದಿಯ ಫಲಕವೂ ಬದಲಾಗುತ್ತದೆ.

ಅಪ್ಪ ಫಲಕ ನೋಡಲಿಲ್ಲ. ಒಂದು ಮನೆಯ ಕಾಂಪೌಂಡಿನ ಬುಡದಲ್ಲಿ ಗಾರೆ ಉದುರಿತ್ತು. ಅಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಉಗುರಿನಿಂದ ಕೆರೆದು, ಬೆರಳಲ್ಲಿ ಉಜ್ಜಿ, "ಸುಣ್ಣದ ಗಾರೆ. ಮೇಲೆ ಸಿಮೆಂಟು ಬಳಿದು ಕೆಡಿಸವ್ರೆ" ಎಂದರು. ಅವರು ಹೇಳಿದ್ದನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಗೋಡೆ ನೀರು ಹೀರಿದರೂ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟಿನ ಪದರ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು, ಅದರ ಜೊತೆ ಉಪ್ಪೂ ಸೇರಿ, ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ಕಡಲೂರುಗಳಲ್ಲಿ ಗಾಳಿಯಲ್ಲೇ ಉಪ್ಪಿರುವುದರಿಂದ ಇದು ಇನ್ನೂ ಬೇಗ. ಗಟ್ಟಿಯಾಗಲಿ ಎಂದು ಮಾಡಿದ ರಿಪೇರಿಯೇ ಗೋಡೆಗೆ ಶತ್ರುವಾಗುತ್ತದೆ.

ಹಳೆಯವರು ಸುಣ್ಣ, ಮರಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಕೊನೆಯ ನುಣುಪಿಗೆ ಮೊಟ್ಟೆಯ ಬಿಳಿ. ಅದೇ ಬೀದಿಗಳ ನಡುವೆ 1855ರಲ್ಲಿ ಕಟ್ಟಿದ 'ದೇವದೂತರ ಮಾತೆ'ಯ ಇಗರ್ಜಿ ಇದೆ. ಅದರ ಒಳಗೋಡೆಯ ಗಾರೆಗೂ ಮೊಟ್ಟೆಯ ಬಿಳಿ ಬೆರೆಸಿದ್ದರು ಎನ್ನುತ್ತಾರೆ. ಒಳಗೆ ಹೋದಾಗ ಅಪ್ಪ ಅನುಮತಿ ಕೇಳಿ ಕಂಬವನ್ನೊಮ್ಮೆ ಮುಟ್ಟಿದರು. ಅಮೃತಶಿಲೆಯ ಹಾಗೆ ತಣ್ಣಗಿತ್ತು. "ಇದನ್ನ ತಿಕ್ಕಿದವನು ಫ್ರಾನ್ಸಿನೋನಲ್ಲ ಕಣೋ. ನಮ್ಮ ಕಡೆಯೋನೇ" ಎಂದರು. ಅವರು ಫೋಟೊ ನೋಡಿ ಕೇಳಿದ್ದ ಎರಡನೇ ಪ್ರಶ್ನೆಗೆ ಅವರೇ ಉತ್ತರ ಹೇಳಿಕೊಂಡಿದ್ದರು. ನಕ್ಷೆ ಹಾಕಿದ ಫ್ರೆಂಚ್ ಎಂಜಿನಿಯರುಗಳ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಗಾರೆ ಅರೆದವರ ಹೆಸರು ಎಲ್ಲೂ ಸಿಗುವುದಿಲ್ಲ.

ಅಲ್ಲಿಂದ ಭಾರತಿ ಪಾರ್ಕಿಗೆ ಹೋದೆವು. ಸುತ್ತ ಸರ್ಕಾರಿ ಕಟ್ಟಡಗಳು, ಉಪರಾಜ್ಯಪಾಲರ ನಿವಾಸ, ಗ್ರಂಥಾಲಯ. ನಡುವೆ ಬಿಳಿಯ ಮಂಟಪ, ಹೆಸರು ಆಯಿ ಮಂಟಪ. ಅದರ ಕಥೆಗೂ ನಮಗೂ ನಂಟಿದೆ. ಐತಿಹ್ಯ ಹೀಗಿದೆ: ವಿಜಯನಗರದ ಕೃಷ್ಣದೇವರಾಯ ಈ ಕಡೆ ಬಂದಾಗ ದೀಪಗಳಿಂದ ಹೊಳೆಯುವ ಒಂದು ಕಟ್ಟಡ ಕಂಡು, ದೇವಸ್ಥಾನವೆಂದು ಕೈಮುಗಿದನಂತೆ. ಅದು ಆಯಿ ಎಂಬ ವೇಶ್ಯೆಯ ಮನೆ ಎಂದು ತಿಳಿದು ಸಿಟ್ಟಾಗಿ, ಕೆಡವಲು ಅಪ್ಪಣೆ ಮಾಡಿದ. ಆಯಿ, ನಾನೇ ಕೆಡವುತ್ತೇನೆ ಎಂದು ಬೇಡಿಕೊಂಡು, ಮನೆ ಕೆಡವಿದ ಜಾಗದಲ್ಲಿ ಊರಿಗೆ ಕೆರೆ ತೋಡಿಸಿದಳಂತೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ಮೂರನೇ ನೆಪೋಲಿಯನ್ ಕಾಲದಲ್ಲಿ ಫ್ರೆಂಚರಿಗೆ ಕುಡಿಯುವ ನೀರಿನ ತೊಂದರೆಯಾದಾಗ ಅದೇ ಜಾಗದಿಂದ ನೀರು ತಂದರು. ಅದರ ನೆನಪಿಗೆ ಈ ಮಂಟಪ. ಇಂದು ಪುದುಚೇರಿ ಸರ್ಕಾರದ ಲಾಂಛನದಲ್ಲಿರುವುದು ಇದೇ. ಅಷ್ಟು ಗವರ್ನರುಗಳು ಆಳಿದ ಊರಿನ ಗುರುತಾಗಿ ಉಳಿದದ್ದು ನೀರು ಕೊಟ್ಟ ಹೆಣ್ಣುಮಗಳ ಹೆಸರು.

ಪಾರ್ಕಿನಿಂದ ಉತ್ತರಕ್ಕೆ ನಡೆದರೆ ಮನಕ್ಕುಳ ವಿನಾಯಕನ ಗುಡಿ. ಫ್ರೆಂಚರು ಬರುವುದಕ್ಕೂ ಮೊದಲೇ ಇದ್ದ ದೇವರು. ಅಲ್ಲೇ ಹತ್ತಿರ ಅರವಿಂದಾಶ್ರಮ. ಅರವಿಂದರು ಇಲ್ಲಿಗೆ ಬಂದದ್ದು 1910ರಲ್ಲಿ, ಇಂಗ್ಲಿಷ್ ಸರ್ಕಾರದ ಕೈಗೆ ಸಿಗದಿರಲೆಂದು. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಅವರಿಗಿಂತ ಮೊದಲೇ, 1908ರಲ್ಲಿ ಬಂದು ಹತ್ತು ವರ್ಷ ಇದ್ದರು. ಒಬ್ಬ ಪರಕೀಯನ ಊರು ಇನ್ನೊಬ್ಬ ಪರಕೀಯನಿಂದ ತಪ್ಪಿಸಿಕೊಳ್ಳಲು ನೆರಳಾಯಿತು. ನಮ್ಮ ಹಲಸಂಗಿಯ ಮಧುರಚೆನ್ನರು, ಬೇಂದ್ರೆಯವರು, ಗೋಕಾಕರು ಅರವಿಂದರ ಚಿಂತನೆಗೆ ಮನಸೋತವರು. ಕನ್ನಡ ಪಾಠದಲ್ಲಿ ಅವರ ಹೆಸರು ಓದುವಾಗ ಈ ಬೀದಿ ನೆನಪಿಟ್ಟುಕೊಳ್ಳಿ ಮಕ್ಕಳೇ.

ಇಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಒಂದು ಕಾಲುವೆ ಅಡ್ಡ ಬರುತ್ತದೆ. ಮಳೆನೀರು ಕೊಳೆನೀರು ಹರಿಯುವ ಕಾಲುವೆ, ನೋಡಲು ಚೆಲುವೇನಿಲ್ಲ. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿಂದ ಹಿಂದಿರುಗುತ್ತಾರೆ. ನನ್ನ ಮೊದಲ ಪ್ರವಾಸವೂ ಇಲ್ಲಿಗೇ ಮುಗಿದಿತ್ತು. ಆದರೆ ಆ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆರೆ ಇನ್ನೊಂದಿಲ್ಲ. ಕಾಲುವೆಯಿಂದ ಕಡಲಿನವರೆಗೆ ಬಿಳಿಯರ ಊರು. ಕಾಲುವೆಯ ಆಚೆ ತಮಿಳರ ಊರು. ಅದನ್ನು ಅವರು ಕರಿಯರ ಊರು ಎಂದು ಕರೆದರು.

ಕಾಲುವೆ ದಾಟಿದ ಕೂಡಲೇ ಅಪ್ಪನ ಮುಖ ಅರಳಿತು. ವೈಶ್ಯಾಳ್ ಬೀದಿ ಎಂಬಲ್ಲಿ ಹಳೆಯ ತಮಿಳು ಮನೆಗಳ ಸಾಲನ್ನು ದುರಸ್ತಿ ಮಾಡಿ ಉಳಿಸಿದ್ದಾರೆ. ಫ್ರೆಂಚ್ ಮನೆ ಬೀದಿಗೆ ಬೆನ್ನು ಹಾಕುತ್ತದೆ: ಎತ್ತರದ ಕಾಂಪೌಂಡು, ಮುಚ್ಚಿದ ಗೇಟು, ತೋಟ, ಅದರ ಹಿಂದೆ ಮನೆ. ತಮಿಳು ಮನೆ ಬೀದಿಗೆ ಮುಖ ಕೊಡುತ್ತದೆ. ಬೀದಿಗೇ ಚಾಚಿದ ಹೆಂಚಿನ ಮಾಡು, ಅದರ ಕೆಳಗೆ ದಾರಿಹೋಕ ಕೂರಲು ಜಗಲಿ, ಒಳಗೆ ತೊಟ್ಟಿ. ಅವರು ತಿಣ್ಣೈ ಎನ್ನುತ್ತಾರೆ, ನಾವು ಜಗಲಿ ಎನ್ನುತ್ತೇವೆ. ಕೆಲವು ಮನೆಗಳಿಗೆ ಕೆಳಗೆ ತಮಿಳು ಜಗಲಿ, ಮೇಲೆ ಫ್ರೆಂಚ್ ಕಮಾನಿನ ಕಿಟಕಿ. ಅಪ್ಪ ಯಾರದೋ ಮನೆಯ ಜಗಲಿಯ ಮೇಲೆ ಯಾರನ್ನೂ ಕೇಳದೆ ಕುಳಿತೇಬಿಟ್ಟರು. ಒಳಗಿನಿಂದ ಬಂದ ಅಜ್ಜಿಯೊಬ್ಬರು ಏನೂ ಮಾತಾಡದೆ ಒಂದು ಚೊಂಬು ನೀರು ತಂದಿಟ್ಟರು.

ಈ ಭಾಗದ ದೊಡ್ಡ ಹೆಸರು ಆನಂದರಂಗ ಪಿಳ್ಳೈ. ಗವರ್ನರ್ ಡೂಪ್ಲೆಗೆ ದುಭಾಷಿಯಾಗಿದ್ದವರು. 1736ರಿಂದ 1761ರಲ್ಲಿ ತೀರಿಕೊಳ್ಳುವವರೆಗೆ ತಮಿಳಿನಲ್ಲಿ ದಿನಚರಿ ಬರೆದರು. ಬಟ್ಟೆ ವ್ಯಾಪಾರ, ಹಡಗುಗಳ ಸುದ್ದಿ, ಯುದ್ಧ, ಜಗಳ, ಎಲ್ಲವೂ ಅದರಲ್ಲಿದೆ. 1748ರ ಮುತ್ತಿಗೆಯ ದಿನಗಳಲ್ಲಿ ಊರಿನ ವೇದಪುರೀಶ್ವರ ದೇವಸ್ಥಾನವನ್ನು ಫ್ರೆಂಚರು ಕೆಡವಿದ್ದನ್ನೂ ಅವರು ಬರೆದಿಟ್ಟಿದ್ದಾರೆ. ಆ ಕಾಲದ ಫ್ರೆಂಚ್ ಕೋಟೆ ಇಂದು ಇಲ್ಲ, ಆ ದೇವಸ್ಥಾನದ ಕಟ್ಟಡವೂ ಇಲ್ಲ. ಆದರೆ ಎರಡರ ಬಗ್ಗೆಯೂ ನಾವು ಇಂದು ಮಾತಾಡಬಲ್ಲೆವು. ಯಾಕೆಂದರೆ ಒಬ್ಬರು ಕುಳಿತು ಬರೆದಿಟ್ಟರು.

ಮಿಷನ್ ಬೀದಿಯಲ್ಲಿ ದೊಡ್ಡ ಕೆಥೆಡ್ರಲ್ ಇದೆ. ಪುದುಚೇರಿಯ ಮಿಷನ್ನಿಗೆ ಸೇರಿದ್ದ ಪಾದ್ರಿ ಅಬ್ಬೆ ದುಬ್ವಾ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಕಡೆ ಬಂದು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಅದೇ ಬೀದಿಯಲ್ಲಿ ಕಲವೈ ಕಾಲೇಜಿನ ಹಳೆಯ ಕಟ್ಟಡವಿದೆ. 19ನೇ ಶತಮಾನದಲ್ಲಿ ಕಲವೈ ಸುಬ್ಬರಾಯ ಚೆಟ್ಟಿಯಾರ್ ಎಂಬ ದಾನಿಯಿಂದಾದ ವಿದ್ಯಾಸಂಸ್ಥೆ, ಈಗ ವ.ಉ. ಚಿದಂಬರಂ ಅವರ ಹೆಸರಿನ ಸರ್ಕಾರಿ ಶಾಲೆ. ಅದೂ ಶಿಥಿಲವಾಗಿತ್ತು, ದುರಸ್ತಿಯಾಯಿತು. ನಮ್ಮ ಶಾಲೆಯ ಹಾಗೆ ಅದೂ ಸರ್ಕಾರಿ ಶಾಲೆ ಎಂಬುದಕ್ಕೆ ಸ್ವಲ್ಪ ಹೊತ್ತು ಎದುರಿಗೆ ನಿಂತೆ.

ಆದರೆ ಕಾಲುವೆಯ ಈಚೆಗೆ ಎಲ್ಲ ಮನೆಗಳಿಗೂ ಆ ಅದೃಷ್ಟವಿಲ್ಲ. ನಾಲ್ಕು ಹೆಜ್ಜೆಗೊಂದು ಜಗಲಿ ಮನೆ ಹೋಗಿ ಗಾಜಿನ ಮುಂಭಾಗದ ಅಂಗಡಿಯೋ ಫ್ಲಾಟೋ ಬಂದಿದೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಣ್ಣತಮ್ಮಂದಿರಲ್ಲಿ ಭಾಗವಾದ ಮನೆಗೆ ಮರದ ತೊಲೆ ಬದಲಿಸಲು ದುಡ್ಡು ಯಾರು ಹಾಕುತ್ತಾರೆ? ಆ ಕಡೆಯ ಹಳದಿ ಮನೆ ಹೋಟೆಲಾಗಿ ದುಡಿಯುತ್ತದೆ, ಅದರ ರಿಪೇರಿಗೆ ಅದೇ ಸಂಪಾದಿಸುತ್ತದೆ. ಈ ಕಡೆಯ ಜಗಲಿ ಮನೆಗೆ ಫೋಟೊ ತೆಗೆಯುವವರೇ ಬರುವುದಿಲ್ಲ. ನೋಡುವವರಿದ್ದ ಕಡೆ ಗೋಡೆ ಉಳಿಯಿತು. ಇಲ್ಲದ ಕಡೆ ಹೋಯಿತು, ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ನೋಡುವವರಿದ್ದರೂ ಸಾಲದು ಎಂಬುದನ್ನು ಸಂಜೆ ಕಡಲ ದಂಡೆಯಲ್ಲಿ ಕಂಡೆವು. ಅಲ್ಲಿ ಮೇರಿ ಎಂಬ ಬಿಳಿಯ ಪುರಭವನವಿದೆ. 1870ರ ಸುಮಾರಿಗೆ ಕಟ್ಟಿದ್ದು. ಊರಿಗೇ ಹೆಮ್ಮೆಯ ಕಟ್ಟಡ. ಆದರೂ ಕಾಲಕಾಲಕ್ಕೆ ಆಗಬೇಕಾದ ದುರಸ್ತಿ ಆಗದೆ, 2014ರ ನವೆಂಬರಿನ ಮಳೆಗೆ ಕುಸಿದುಬಿತ್ತು. ಈಗ ಅಲ್ಲಿ ನಿಂತಿರುವುದು ವಿಶ್ವಬ್ಯಾಂಕಿನ ನೆರವಿನಿಂದ ಹಿಂದಿನ ರೂಪವನ್ನೇ ಅನುಸರಿಸಿ ಕಟ್ಟಿ, 2021ರಲ್ಲಿ ತೆರೆದ ಹೊಸ ಕಟ್ಟಡ. ಅಪ್ಪ ಬಹಳ ಹೊತ್ತು ನೋಡಿ, "ಚೆನ್ನಾಗೈತೆ. ಆದ್ರೆ ಇದು ಅದಲ್ಲ" ಎಂದರು. ಮತ್ತೆ ತಾವೇ, "ಹೆಂಗಿತ್ತು ಅಂತ ಗೊತ್ತಿದ್ದಕ್ಕೆ ಇಷ್ಟಾದ್ರೂ ಆಯ್ತು" ಎಂದರು.

ಬಂಧುಗಳೇ, ಪುದುಚೇರಿ ಭಾರತಕ್ಕೆ ಸೇರಿದ ಬಗೆಯನ್ನೂ ಮಕ್ಕಳಿಗೆ ಹೇಳಿ ಮುಗಿಸುತ್ತೇನೆ. 1954ರ ಅಕ್ಟೋಬರ್ 18ರಂದು ಕೀಳೂರು ಎಂಬ ಹಳ್ಳಿಯಲ್ಲಿ 178 ಜನಪ್ರತಿನಿಧಿಗಳು ಮತ ಹಾಕಿದರು. 170 ಮಂದಿ ಭಾರತದ ಪರ. ಆ ವರ್ಷದ ನವೆಂಬರ್ 1ರಂದು ಆಡಳಿತ ಕೈಬದಲಾಯಿತು. ನಮ್ಮ ರಾಜ್ಯೋತ್ಸವದ ತಾರೀಖೇ, ಎರಡು ವರ್ಷ ಮೊದಲು. ಕಾಗದಪತ್ರಗಳೆಲ್ಲ ಪೂರ್ತಿಯಾಗಿ ಕಾನೂನಿನ ಪ್ರಕಾರ ಸೇರಿದ್ದು 1962ರ ಆಗಸ್ಟ್ 16ಕ್ಕೆ. ಅಷ್ಟು ದೊಡ್ಡ ತೀರ್ಮಾನ ಆದದ್ದು ಒಂದು ಹಳ್ಳಿಯಲ್ಲಿ. ಹಳ್ಳಿಯಲ್ಲಿ ನಡೆದದ್ದಕ್ಕೂ ಚರಿತ್ರೆ ಎನ್ನುತ್ತಾರೆ.

ಈಗ ನಮ್ಮ ನಾಲ್ಕು ಕೋಣೆಗಳು. ಅವನ್ನು ಕಟ್ಟುವಾಗ ನಮ್ಮಪ್ಪನಿಗೆ ಹದಿನೆಂಟು ವರ್ಷ. ಮೇಸ್ತ್ರಿಯ ಕೈಕೆಳಗೆ ಗಾರೆ ಕಲಸಿ ಹೊತ್ತವರಲ್ಲಿ ಅವರೂ ಒಬ್ಬರು. ಅವರ ಜೊತೆ ಕೆಲಸ ಮಾಡಿದ ಗಂಡಸರು, ಹೆಂಗಸರು ಇನ್ನೂ ಕೆಲವರು ಈ ಸಭೆಯಲ್ಲೇ ಇದ್ದಾರೆ. ಊರಿನವರು ಗಾಡಿಯಲ್ಲಿ ಕಲ್ಲು ತಂದರು, ಕೆಲವರು ಮರ ಕೊಟ್ಟರು. ಅದೆಲ್ಲ ಎಲ್ಲೂ ಬರೆದಿಲ್ಲ. ಕೋಣೆಯ ಗೋಡೆಗೆ ಹಾಕಿದ ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಇದೆ.

ಕೋಣೆಗಳನ್ನು ಕೆಡವಲೇಬಾರದು ಎಂದು ನಾನು ಹೇಳುತ್ತಿಲ್ಲ. ತೊಲೆಗೆ ಗೆದ್ದಲು ಹಿಡಿದಿದೆ ಎನ್ನುತ್ತಾರೆ. ಮಕ್ಕಳ ಜೀವಕ್ಕಿಂತ ಹಳೆಯ ಗೋಡೆ ದೊಡ್ಡದಲ್ಲ. ತಿಳಿದ ಎಂಜಿನಿಯರು ನೋಡಿ ಹೇಳಲಿ. ದುರಸ್ತಿ ಸಾಧ್ಯವಿದ್ದರೆ ಸುಣ್ಣದ ಕೆಲಸ ಬಲ್ಲವರಿಂದ ಮಾಡಿಸೋಣ, ಒಂದು ಕೋಣೆಯಾದರೂ ಗ್ರಂಥಾಲಯವಾಗಿ ಬಳಕೆಯಲ್ಲಿರಲಿ. ಬೀಗ ಹಾಕಿಟ್ಟ ಕಟ್ಟಡ ಉಳಿಯುವುದಿಲ್ಲ. ಸಾಧ್ಯವಿಲ್ಲವೆಂದರೆ ಕೆಡವೋಣ. ಆದರೆ ಎರಡರಲ್ಲಿ ಯಾವುದೇ ಆಗಲಿ, ಮೊದಲು ಬರೆದಿಟ್ಟುಕೊಳ್ಳೋಣ.

ಮುಂದಿನ ತಿಂಗಳ ಎರಡು ಭಾನುವಾರ ನಾನು ಮತ್ತು ನನ್ನ ಮೂವರು ಸಹಪಾಠಿಗಳು ಟೇಪು ಹಿಡಿದು ಬರುತ್ತೇವೆ. ಒಂಬತ್ತನೇ ತರಗತಿಯ ಮಕ್ಕಳು ನಮ್ಮ ಜೊತೆ ಸೇರಿದರೆ ನಾಲ್ಕು ಕೋಣೆಗಳ ಅಳತೆ ತೆಗೆದು ನಕ್ಷೆ ಮಾಡುತ್ತೇವೆ. ತ್ರಿಕೋನಮಿತಿಯ ಪಾಠವೂ ಆಗುತ್ತದೆ. ಕಿಟಕಿ, ಬಾಗಿಲು, ಹೆಂಚು, ಕರಿಹಲಗೆ ಎಲ್ಲದರ ಚಿತ್ರ ತೆಗೆಯುತ್ತೇವೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಶಾಲೆಯ ಹಳೆಯ ಫೋಟೊ ಇದ್ದರೆ ತನ್ನಿ, ಅಲ್ಲೇ ನಕಲು ಮಾಡಿಕೊಂಡು ಕೈಗೇ ವಾಪಸು ಕೊಡುತ್ತೇವೆ. ಕಟ್ಟುವ ಕೆಲಸದಲ್ಲಿದ್ದವರು ಬಂದು ಕುಳಿತು ಮಾತಾಡಿ, ಮಕ್ಕಳು ಬರೆದುಕೊಳ್ಳುತ್ತಾರೆ. ಯಾರು ಕಲ್ಲು ಹೊತ್ತರು, ಯಾರು ನೀರು ತಂದರು, ಹೆಸರು ಹೆಸರಾಗಿ.

ಪುದುಚೇರಿಯ ಆ ಇಗರ್ಜಿಯ ಕಂಬ ತಿಕ್ಕಿದವನ ಹೆಸರು ನಮಗೆ ಇನ್ನೆಂದೂ ಸಿಗುವುದಿಲ್ಲ. ನಮ್ಮ ಶಾಲೆಯ ಗೋಡೆಗೆ ಗಾರೆ ಮೆತ್ತಿದವರು ಇಲ್ಲೇ, ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ಅವರನ್ನು ಇಂದೇ ಕೇಳೋಣ.